ದಾಸೋಹವಾದ ಧನ: ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಜೀವನ

ಆಶೆಯು ಮನುಷ್ಯನೊಡನೆ ಹುಟ್ಟಿದುದು. ಹಸಿದವನು ಅನ್ನವನ್ನು ಬಯಸುವುದು ದೋಷವಲ್ಲ. ಸಂಸಾರಸ್ಥನು ನಾಳಿನ ದಿನಕ್ಕೆಂದು ನಾಲ್ಕು ಕಾಸು ಎತ್ತಿಡುವುದೂ ದೋಷವಲ್ಲ. ಆದರೆ ಅಗತ್ಯವು ತೀರಿದ ಮೇಲೆಯೂ ತೀರದೆ ಉಳಿಯುವ ಒಂದು ಬಯಕೆಯುಂಟು. ಅದನ್ನೇ ಹಿರಿಯರು ಲೋಭವೆಂದು ಕರೆದರು. ಅರಿಷಡ್ವರ್ಗದಲ್ಲಿ ಕ್ರೋಧವು ಕಣ್ಣಿನಲ್ಲಿ ಕಾಣುತ್ತದೆ. ಮದವು ನಡಿಗೆಯಲ್ಲಿ ಕಾಣುತ್ತದೆ. ಮತ್ಸರವು ಮಾತಿನಲ್ಲಿ ಹೊರಬೀಳುತ್ತದೆ. ಲೋಭವಾದರೋ ಮುಂಜಾಗ್ರತೆಯ ವೇಷವನ್ನು ಧರಿಸಿ, ಮಕ್ಕಳ ಹಿತದ ಹೆಸರನ್ನು ಹೇಳಿಕೊಂಡು, ಸಭ್ಯನಂತೆ ಮನೆಯೊಳಗೆ ಬರುತ್ತದೆ. ಅದು ಬಂದುದನ್ನು ಮನೆಯ ಯಜಮಾನನೂ ಅರಿಯನು. ಅವನ ಅನುಭವಕ್ಕೆ ಬರುವುದು ಇಷ್ಟೇ: ಮನೆಯಲ್ಲಿ ಎಲ್ಲವೂ ಇದೆ, ಮನಸ್ಸಿನಲ್ಲಿ ನೆಮ್ಮದಿಯಿಲ್ಲ.

ಧನವನ್ನು ತೊರೆದು ಅರಣ್ಯಕ್ಕೆ ಹೋಗುವುದೇ ಇದಕ್ಕೆ ಮದ್ದೆಂದು ಹೇಳಿದವರುಂಟು. ಶಿವಶರಣರು ಹಾಗೆ ಹೇಳಲಿಲ್ಲ. ಅವರು ದುಡಿಮೆಯನ್ನು ಬಿಡಿಸಲಿಲ್ಲ. ಕಾಯಕವೆಂಬ ಹೆಸರಿನಿಂದ ಅದನ್ನೇ ವ್ರತವನ್ನಾಗಿ ಮಾಡಿದರು. ಗಳಿಕೆಯನ್ನು ನಿಂದಿಸಲಿಲ್ಲ; ಗಳಿಸಿದುದು ಎಲ್ಲಿಗೆ ಸಲ್ಲಬೇಕೆಂಬುದನ್ನು ತಿಳಿಸಿದರು. ಗುರುವಿಗೆ ತನು, ಲಿಂಗಕ್ಕೆ ಮನ, ಜಂಗಮಕ್ಕೆ ಧನ ಎಂಬ ತ್ರಿವಿಧ ದಾಸೋಹದ ಮಾರ್ಗವು ಸಂಸಾರಿಗಳಿಗಾಗಿಯೇ ಹೇಳಿದುದಾಗಿದೆ. ಆದರೂ ಇದನ್ನು ಕೇಳಿದ ಗೃಹಸ್ಥನ ಮನಸ್ಸಿನಲ್ಲಿ ಒಂದು ಸಂದೇಹವು ಏಳುತ್ತದೆ. ಅದು ಹನ್ನೆರಡನೆಯ ಶತಮಾನದ ಕಲ್ಯಾಣದ ಮಾತಾಯಿತು. ಕೋರ್ಟು ಕಚೇರಿಗಳೂ ಬ್ಯಾಂಕುಗಳೂ ಪರೀಕ್ಷೆ ಪದವಿಗಳೂ ಇರುವ ಕಾಲದಲ್ಲಿ ಹಾಗೆ ಬದುಕುವುದು ಶಕ್ಯವೇ ಎಂದು. ಶಕ್ಯವೆಂಬುದಕ್ಕೆ ನಮಗೆ ಸಮೀಪದ ಕಾಲದಲ್ಲಿಯೇ ಒಂದು ಜೀವನವು ಪ್ರಮಾಣವಾಗಿ ನಿಂತಿದೆ. ಅದು ವಿಜಾಪುರದ ವಕೀಲರಾದ ರಾವಬಹಾದ್ದೂರ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವನ.

ಶಾಲೆಯಲ್ಲಿ ಈ ಮಹನೀಯರ ಚರಿತ್ರೆಯನ್ನು ಮಕ್ಕಳಿಗೆ ಹೇಳುವ ಭಾಗ್ಯವು ನನಗೆ ಹಲವು ವರ್ಷಗಳಿಂದ ಒದಗಿ ಬಂದಿದೆ. ಬಹುಮಟ್ಟಿಗೆ ಪ್ರತಿ ವರ್ಷವೂ ಯಾವನಾದರೊಬ್ಬ ಬಾಲಕನು ಎದ್ದುನಿಂತು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: ಬ್ಯಾಂಕನ್ನು ಕಟ್ಟಿದವರಿಗೆ ಸ್ವಂತ ಮನೆಯೇಕೆ ಇರಲಿಲ್ಲ? ಪ್ರಶ್ನೆಯು ಬಾಲಕನದಾದರೂ ಬಾಲಿಶವಲ್ಲ. ಅದಕ್ಕೆ ಉತ್ತರವನ್ನು ಹುಡುಕಹೊರಟರೆ ಧನಕ್ಕೂ ಮನಶ್ಶಾಂತಿಗೂ ಇರುವ ಸಂಬಂಧದ ಮೂಲಕ್ಕೇ ಹೋಗಬೇಕಾಗುತ್ತದೆ.

ಹಳಕಟ್ಟಿಯವರು ಜನಿಸಿದುದು 1880ನೆಯ ಇಸವಿ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ಮನೆಯಲ್ಲಿ ಸಂಪತ್ತು ದೊಡ್ಡದಿರಲಿಲ್ಲ, ವಿದ್ಯೆಯಿತ್ತು. ಧಾರವಾಡದಲ್ಲಿ ಓದು ಮುಗಿಸಿದ ಮಗನು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಉಚ್ಚಶಿಕ್ಷಣವನ್ನು ಪಡೆದನು. ಅನಂತರ ಕಾಯಿದೆಯನ್ನು ಓದಿ 1904ರಲ್ಲಿ ವಕೀಲಿ ಪದವಿಯನ್ನು ಗಳಿಸಿದನು. ಆ ಕಾಲದಲ್ಲಿ ಉತ್ತರ ಕರ್ನಾಟಕವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಇಂಗ್ಲಿಷು ಕಲಿತು ಕಾಯಿದೆ ಬಲ್ಲ ಲಿಂಗಾಯತ ತರುಣರು ಬೆರಳಿನಿಂದ ಎಣಿಸುವಷ್ಟು. ಅಂಥವರಿಗೆ ಸರಕಾರದಲ್ಲಿ ಮಾನವಿತ್ತು, ಜನರಲ್ಲಿ ಭಯಭಕ್ತಿಯಿತ್ತು. ವಕೀಲಿ ವೃತ್ತಿಯಲ್ಲಿ ಹತ್ತು ವರ್ಷ ನಿಂತರೆ ಬಂಗಲೆ, ಹೊಲ, ಬಂಗಾರ ಎಲ್ಲವೂ ಕೈಗೆ ಬರುವ ಸಂಭವವಿತ್ತು.

ಬೆಳಗಾವಿಯಲ್ಲಿ ವೃತ್ತಿಯನ್ನು ಆರಂಭಿಸಿದ ಹಳಕಟ್ಟಿಯವರು ಬೇಗನೆ ವಿಜಾಪುರಕ್ಕೆ ಬಂದು ನೆಲೆಸಿದರು. ಆ ಜಿಲ್ಲೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಅದು ಮಳೆಯನ್ನೇ ನಂಬಿದ ಕರಿಯ ಭೂಮಿ. ಮಳೆ ತಪ್ಪಿದರೆ ಬರಗಾಲ, ಬರಗಾಲ ಬಂದರೆ ಸಾಲ, ಸಾಲವೆಂದರೆ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಏರಿ ಕೊನೆಗೆ ಹೊಲವೇ ಸಾಹುಕಾರನ ಪಾಲು. ಹೊಲದ ವ್ಯಾಜ್ಯಗಳು ಕೋರ್ಟಿಗೆ ಬರುವಾಗ ಅದರ ಫಲವು ವಕೀಲನಿಗೂ ಬರುತ್ತದೆ. ಲೋಕದ ದುಃಖವೇ ತನ್ನ ಆದಾಯವಾಗುವ ವೃತ್ತಿಯಲ್ಲಿರುವವನು ಎರಡರಲ್ಲೊಂದು ಆಗುತ್ತಾನೆ: ಒಂದೋ ಆ ದುಃಖಕ್ಕೆ ಕಣ್ಣು ಮುಚ್ಚುತ್ತಾನೆ, ಅಥವಾ ಅದರ ಮೂಲವನ್ನು ಹುಡುಕುತ್ತಾನೆ. ಹಳಕಟ್ಟಿಯವರು ಎರಡನೆಯ ದಾರಿಯನ್ನು ಹಿಡಿದರು. ಅಜ್ಞಾನಕ್ಕೆ ವಿದ್ಯೆಯೂ, ಬಡ್ಡಿಯ ಬಾಧೆಗೆ ಸಹಕಾರವೂ ಮದ್ದೆಂದು ಅವರಿಗೆ ತೋರಿತು.

1910ರಲ್ಲಿ ಅವರೂ ಇತರ ಹಿರಿಯರೂ ಕೂಡಿ ವಿಜಾಪುರದಲ್ಲಿ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ಮುಂದೆ ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಯಿತು. ಅದರ ಮಡಿಲಲ್ಲಿ ಬೆಳೆದ ವೈದ್ಯವಿದ್ಯಾಲಯವು 2008ರಲ್ಲಿ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆಯಿತು. ಇನ್ನು ಸಹಕಾರದ ವಿಷಯ. ಹಳಕಟ್ಟಿಯವರು ವಕೀಲರಾದ 1904ರಲ್ಲಿಯೇ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದಿತ್ತು. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಅಂಥ ಸಂಘವನ್ನು ಕಟ್ಟಿ ದಾರಿಯನ್ನು ತೋರಿದ್ದರು. ಆ ದಾರಿಯಲ್ಲಿಯೇ ನಡೆದು ಹಳಕಟ್ಟಿಯವರು 1912ರಲ್ಲಿ ವಿಜಾಪುರದ ಗ್ರಾಮದೈವವಾದ ಸಿದ್ಧೇಶ್ವರನ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಲು ಮುಂದಾದರು.

ಸಹಕಾರವೆಂಬುದು ನೋಡುವುದಕ್ಕೆ ಲೆಕ್ಕಪತ್ರದ ವ್ಯವಹಾರ. ಒಳಹೊಕ್ಕು ವಿಚಾರಿಸಿದರೆ ಅದರಲ್ಲಿ ದಾಸೋಹದ ತತ್ತ್ವವೇ ಅಡಗಿದೆ. ನೂರು ಮಂದಿಯ ಚಿಕ್ಕ ಚಿಕ್ಕ ಉಳಿತಾಯವು ಒಂದೆಡೆ ಕೂಡಿ, ಆ ನೂರರಲ್ಲಿ ಕಷ್ಟಕ್ಕೆ ಸಿಕ್ಕಿದವನ ಕೈಗೆ ಹಿತಮಿತವಾದ ಬಡ್ಡಿಯಲ್ಲಿ ಸೇರುತ್ತದೆ. ಒಬ್ಬನ ಪೆಟ್ಟಿಗೆಯಲ್ಲಿ ನಿಂತ ಹಣವು ಲೋಭವನ್ನು ಬೆಳೆಸಿದರೆ, ಹತ್ತು ಮಂದಿಯ ನಡುವೆ ಹರಿದ ಹಣವು ನಂಬಿಕೆಯನ್ನು ಬೆಳೆಸುತ್ತದೆ. ಹಣವೆಂದರೆ ಹೇಯವೆಂದು ಹಳಕಟ್ಟಿಯವರು ಎಣಿಸಿದ್ದರೆ ಬ್ಯಾಂಕನ್ನು ಕಟ್ಟುತ್ತಿರಲಿಲ್ಲ. ಹಣವೇ ಸರ್ವಸ್ವವೆಂದು ಎಣಿಸಿದ್ದರೆ ಪರರಿಗಾಗಿ ಕಟ್ಟುತ್ತಿರಲಿಲ್ಲ.

ಆದರೆ ಅವರ ಹೃದಯವನ್ನು ಪೂರ್ಣವಾಗಿ ಸೆಳೆದುಕೊಂಡ ಕಾಯಕವು ಬೇರೊಂದಿತ್ತು. ಶರಣರ ವಚನಗಳು ಆ ಕಾಲದಲ್ಲಿ ಎಲ್ಲಿದ್ದವು? ಮಠಗಳ ಗದ್ದುಗೆಯ ಬಳಿ, ಭಕ್ತರ ಮನೆಯ ಜಗಲಿಯ ಮೇಲೆ, ಬಟ್ಟೆಯಲ್ಲಿ ಸುತ್ತಿದ ತಾಡೋಲೆಯ ಕಟ್ಟುಗಳಲ್ಲಿ ಇದ್ದವು. ನಿತ್ಯವೂ ಅವಕ್ಕೆ ಪತ್ರಿ ಪುಷ್ಪಗಳು ಏರುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ವಿರಳ. ಗೆದ್ದಲು ತಿಂದವು ಎಷ್ಟೋ, ಹೊಳೆಯ ಪಾಲಾದವು ಎಷ್ಟೋ. ಇದೂ ಒಂದು ಬಗೆಯ ಲೋಭವೇ ಅಲ್ಲವೇ ಎಂದು ನನಗೆ ಅನಿಸುವುದುಂಟು. ಅಮೂಲ್ಯವಾದುದನ್ನು ತಾನೂ ಉಣ್ಣದೆ ಪರರಿಗೂ ಬಡಿಸದೆ ಗಂಟು ಕಟ್ಟಿ ಇಡುವುದು ಬಂಗಾರದಲ್ಲಿ ಹೇಗೋ ಜ್ಞಾನದಲ್ಲಿಯೂ ಹಾಗೆಯೇ. ರಬಕವಿಯ ಒಂದು ಮನೆಯಲ್ಲಿ ಅಂತಹ ಓಲೆಗಳನ್ನು ಕಂಡ ಹಳಕಟ್ಟಿಯವರಿಗೆ ತಮ್ಮ ಬಾಳಿನ ಗುರಿಯು ಗೋಚರವಾಯಿತು.

ಅಂದಿನಿಂದ ಅವರ ಸಂಪಾದನೆಯ ದಿಕ್ಕೇ ಬದಲಾಯಿತು. ಹಗಲು ಕೋರ್ಟು, ರಾತ್ರಿ ತಾಡೋಲೆ. ರಜೆ ಬಂದರೆ ಊರೂರ ಸಂಚಾರ. ಓಲೆಗಳನ್ನು ಕೊಡಲು ಕೆಲವರು ಒಪ್ಪುತ್ತಿದ್ದರು. ಕೆಲವರು ಪೂಜೆಯ ವಸ್ತುವೆಂದು ಮುಟ್ಟಗೊಡುತ್ತಿರಲಿಲ್ಲ. ದೊರೆತುದನ್ನು ನಕಲು ಮಾಡಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ, ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದರು. ಬರೆದು ಸಿದ್ಧಪಡಿಸಿದ ಗ್ರಂಥವನ್ನು ಮುಂಗಡ ಹಣದೊಡನೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರೆ ಅದು ಅಚ್ಚಾಗದೆ ಹಿಂದಿರುಗಿ ಬಂದಿತು. ಅವರು ಎದೆಗುಂದಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಕನ್ನು ಕಂಡಿತು. ಓಲೆಯ ಕಟ್ಟಿನಲ್ಲಿ ಶತಮಾನಗಳ ಕಾಲ ಸೆರೆಯಿದ್ದ ಶರಣರ ನುಡಿಯು ಬೆಲೆ ಕೊಟ್ಟು ಕೊಂಡ ಯಾವನೇ ಕನ್ನಡಿಗನ ಕೈಗೂ ಬಂದಿತು.

ಒಂದು ಗ್ರಂಥದಿಂದ ಈ ಕೆಲಸವು ಮುಗಿಯುವಂತಹುದಾಗಿರಲಿಲ್ಲ. ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಒಂದು ಆಯುಷ್ಯವು ಸಾಲದೆಂದು ಅರಿತು, 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ, ಬಂದ ಹಣದಿಂದ ವಿಜಾಪುರದಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವವೆಂಬ ಪತ್ರಿಕೆಯನ್ನೂ, 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಅದೇ 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಕನ್ನಡ ನಾಡು ಅವರಿಗೆ ಉಚ್ಚಾಸನವನ್ನಿತ್ತ ವೇಳೆಗೆ ಅವರಿಗೆ ಸ್ವಂತದ ಸೂರು ಇರಲಿಲ್ಲ.

ಬಾಲಕನ ಪ್ರಶ್ನೆಗೆ ಹೊರಗಿನ ಉತ್ತರವು ಇಲ್ಲಿಗೆ ದೊರೆಯಿತು. ಮನೆಯು ಮುದ್ರಣಾಲಯವಾಯಿತು, ಗೋಡೆಗಳು ಅಚ್ಚುಮೊಳೆಗಳಾದವು. ಒಳಗಿನ ಉತ್ತರಕ್ಕೆ ಇನ್ನೂ ಸ್ವಲ್ಪ ಮುಂದೆ ಹೋಗಬೇಕು.

ಪತ್ರಿಕೆಯನ್ನು ನಡೆಸಿದವರಿಗೆ ಅದರ ಕಷ್ಟವು ಗೊತ್ತು. ಕಾಗದಕ್ಕೆ ಹಣ, ಮೊಳೆಗೆ ಹಣ, ಜೋಡಿಸುವವರಿಗೆ ಸಂಬಳ, ಅಂಚೆಗೆ ಖರ್ಚು. ಇವು ಯಾವುವೂ ಕಾಯುವುದಿಲ್ಲ. ಚಂದಾ ಹಣವು ಮಾತ್ರ ನಿಧಾನವಾಗಿ ಬರುತ್ತದೆ, ಕೆಲವೆಡೆಗಳಿಂದ ಬರುವುದೇ ಇಲ್ಲ. ಈ ನಷ್ಟವನ್ನು ಹಳಕಟ್ಟಿಯವರು ತಮ್ಮ ವಕೀಲಿಯ ಆದಾಯದಿಂದ ತುಂಬುತ್ತಿದ್ದರು. ವಚನಕಾರ್ಯಕ್ಕೆ ಹೊತ್ತು ಹೆಚ್ಚಾದಂತೆ ವಕೀಲಿಯೂ ಹಿಂದಕ್ಕೆ ಸರಿಯಿತು. ಬರೆಯುವವರೂ ತಾವೇ, ಕರಡು ತಿದ್ದುವವರೂ ತಾವೇ. ಸರಕಾರವು ರಾವಬಹಾದ್ದೂರ ಪದವಿಯನ್ನು ಕೊಟ್ಟಿದ್ದಿತು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವವೂ ಬಂದು ಹೋಗಿದ್ದಿತು. ಅಂತಹ ಗೃಹಸ್ಥರು ಹಳೆಯ ಕೋಟನ್ನು ತೊಟ್ಟು ಸೈಕಲ್ಲಿನ ಮೇಲೆ ವಿಜಾಪುರದ ಬೀದಿಗಳಲ್ಲಿ ಹೋಗುತ್ತಿದ್ದುದನ್ನು ಕಂಡವರು ಬಹುಕಾಲ ನೆನೆಯುತ್ತಿದ್ದರು. ಇಷ್ಟರ ನಡುವೆಯೂ ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಶೂನ್ಯಸಂಪಾದನೆ, ಹರಿಹರನ ರಗಳೆಗಳು, ಶರಣ ಶರಣೆಯರ ವಚನಗಳು ಒಂದೊಂದಾಗಿ ಅಚ್ಚಿನಿಂದ ಹೊರಬಂದವು. ಅದುವರೆಗೆ ಪಂಡಿತರಿಗೆ ಸುಮಾರು 50 ಮಂದಿ ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಹಳಕಟ್ಟಿಯವರ ಶ್ರಮದಿಂದ ಆ ಸಂಖ್ಯೆಯು 250ರ ಮಟ್ಟಕ್ಕೆ ಏರಿತು. ಅಂಬಿಗರು, ಮಡಿವಾಳರು, ಸೂಳೆಯ ವೃತ್ತಿಯಿಂದ ಶರಣಮಾರ್ಗಕ್ಕೆ ಬಂದವರು, ಹೆಂಡದ ಅಂಗಡಿಯವರು, ಇವರೆಲ್ಲರ ಅನುಭಾವವೂ ಅರಸು ಮಂತ್ರಿಗಳ ಅನುಭಾವದ ಪಕ್ಕದಲ್ಲಿ ಸಮನಾಗಿ ಕುಳಿತಿತು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಸ್ಮರಿಸುವುದು ಉಚಿತ. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಅದರಿಂದಲೇ ಆ ದಂಪತಿಗಳ ಜಂಗಮ ದಾಸೋಹವು ನಡೆಯುತ್ತಿದ್ದಿತು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿಯು ಅದನ್ನು ಕಂಡು ಹಿಗ್ಗದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳೆಂದು ಪರಂಪರೆಯು ಹೇಳುತ್ತದೆ. ಆಕೆಯ ಮನೆಯಲ್ಲಿ ಬಡತನವಿತ್ತು; ಆದರೆ ಸಾಕು ಎಂಬ ಅಳತೆಯು ಆಕೆಯ ಕೈಯಲ್ಲಿತ್ತು. ನಮ್ಮಲ್ಲಿ ಅನೇಕರಿಗೆ ಎಲ್ಲ ಅಳತೆಗಳೂ ಗೊತ್ತು. ಹೊಲದ ಗುಂಟೆ ಗೊತ್ತು, ಬಂಗಾರದ ಗುಂಜಿ ಗೊತ್ತು. ಸಾಕು ಎಂಬ ಅಳತೆಯೊಂದು ಗೊತ್ತಿಲ್ಲ. ಶರಣ ಶರಣೆಯರ ಚರಿತ್ರೆಗಳನ್ನು ಬರೆದು ಪ್ರಕಟಿಸಿದ ಹಳಕಟ್ಟಿಯವರು ಅವುಗಳನ್ನು ಕೇವಲ ಶೋಧಕರಾಗಿ ಓದಲಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ವಿಚಾರಶೀಲರಾದ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹೆಂಡಿರು ಮಕ್ಕಳುಳ್ಳ ಗೃಹಸ್ಥನು ಮನೆಯನ್ನು ಮಾರುವುದು ಧರ್ಮವೇ? ಆಕ್ಷೇಪವು ಸಾಧುವಾದುದೇ. ಮನೆಯನ್ನು ಮಾರಿದ ದಿನ ಅದರ ಭಾರವು ಯಜಮಾನನೊಬ್ಬನ ಮೇಲೆ ಮಾತ್ರ ಬೀಳುವುದಿಲ್ಲ. ಬಾಡಿಗೆಯ ಮನೆಯಲ್ಲಿ ಒಲೆಯನ್ನು ಹೂಡುವವಳ ಮೇಲೆಯೂ ಬೀಳುತ್ತದೆ. ಹಳಕಟ್ಟಿಯವರನ್ನು ಕೊಂಡಾಡುವಾಗ ಅವರ ಮನೆಯವರ ಸಹನೆಯನ್ನು ಮರೆಯುವುದು ಕೃತಘ್ನತೆಯಾದೀತು. ಲಕ್ಕಮ್ಮನಿಲ್ಲದೆ ಮಾರಯ್ಯನ ದಾಸೋಹವು ಹೇಗೆ ನಡೆಯದೋ, ಮನೆಯವರ ತ್ಯಾಗವಿಲ್ಲದೆ ಇಂತಹ ಕಾಯಕವೂ ನಡೆಯದು. ಎಲ್ಲರೂ ಮನೆ ಮಾರಬೇಕೆಂದು ಈ ಚರಿತ್ರೆಯು ವಿಧಿಸುವುದಿಲ್ಲ. ಮಹಾತ್ಮರ ಕೃತ್ಯಗಳನ್ನು ಹಾಗೆಯೇ ಅನುಕರಿಸುವುದು ಸಾಮಾನ್ಯರಿಗೆ ಶಕ್ಯವೂ ಅಲ್ಲ, ಕೆಲವೊಮ್ಮೆ ಉಚಿತವೂ ಅಲ್ಲ. ಅವರ ಕೃತ್ಯದ ಹಿಂದಿನ ಭಾವವನ್ನು ಗ್ರಹಿಸಬೇಕು.

ಆ ಭಾವವು ಯಾವುದು? ಮನೆ ಮಠಗಳ ಸಂಬಂಧದಿಂದ ನಾನು ಅನೇಕ ಗೃಹಸ್ಥರನ್ನು ಬಲ್ಲೆನು. ಹೊಸದಾಗಿ ಮನೆಯನ್ನು ಕಟ್ಟುವವರೆಗೆ ಚಿಂತೆ, ಆಮೇಲೆ ನಿಶ್ಚಿಂತೆಯೆಂದು ಅವರು ಹೇಳುತ್ತಾರೆ. ಮನೆಯ ಗೃಹಪ್ರವೇಶಕ್ಕೆ ಹೋಗಿ ಪ್ರಸಾದವನ್ನು ಸ್ವೀಕರಿಸಿ ಬರುತ್ತೇವೆ. ಮೂರು ವರ್ಷಗಳ ತರುವಾಯ ಅವರೇ ಭೇಟಿಯಾದಾಗ ಮೇಲಿನ ಅಂತಸ್ತಿನ ಚಿಂತೆ; ಅದು ಮುಗಿದರೆ ಪಟ್ಟಣದಲ್ಲಿ ನಿವೇಶನದ ಚಿಂತೆ. ಇಷ್ಟಾದರೆ ಸಾಕೆಂಬ ಮಾತಿನಲ್ಲಿ ಇಷ್ಟು ಎಂಬುದು ನಿಲ್ಲದೆ ಬೆಳೆಯುತ್ತ ಹೋಗುತ್ತದೆ. ಕೋಣೆಗಳು ಹೆಚ್ಚುತ್ತವೆ, ಅವುಗಳಲ್ಲಿ ಇರಬೇಕಾದ ಮಕ್ಕಳು ದೂರದೇಶಗಳಲ್ಲಿರುತ್ತಾರೆ. ಇವರು ದುಷ್ಟರಲ್ಲ, ಶ್ರಮಜೀವಿಗಳು, ಭಕ್ತಿವಂತರು, ಲಿಂಗಪೂಜೆಯನ್ನು ತಪ್ಪಿಸದವರು. ಆದರೂ ಶಾಂತಿಯನ್ನು ಅವರು ಸಂಗ್ರಹದ ಕೊನೆಯಲ್ಲಿ ಇಟ್ಟಿದ್ದಾರೆ. ಸಂಗ್ರಹಕ್ಕೆ ಕೊನೆಯಿಲ್ಲದುದರಿಂದ ಶಾಂತಿಯೂ ಅವರಿಗೆ ದೊರೆಯದು.

ಹಳಕಟ್ಟಿಯವರು ಶಾಂತಿಯನ್ನು ಕಾಯಕದ ಒಳಗೆ ಇಟ್ಟರು. ಕೈಯಲ್ಲಿ ತಾಡೋಲೆಯಿದ್ದಾಗ, ಒಂದು ತಪ್ಪಿದ ಅಕ್ಷರವನ್ನು ಸರಿಪಡಿಸಿದಾಗ, ಒಂದು ಸಂಚಿಕೆಯು ಅಚ್ಚಾಗಿ ಹೊರಬಿದ್ದಾಗ, ಅಂದಂದಿನ ತೃಪ್ತಿಯು ಅಂದಂದೇ ದೊರೆಯುತ್ತಿದ್ದಿತು. ಅದು ನಾಳಿನ ಲಾಭಕ್ಕಾಗಿ ಕಾಯಬೇಕಾಗಿರಲಿಲ್ಲ. ಆದುದರಿಂದ ಇಂದಿನ ನಷ್ಟವು ಅದನ್ನು ಕೆಡಿಸಲಾರದೆ ಹೋಯಿತು. ಧನವು ಅವರ ಕೈಗೆ ಬಂದಿತು, ಕೈಯ ಮೂಲಕ ಹಾಯ್ದು ಹೋಯಿತು, ಕೈಯಲ್ಲಿ ಅಂಟಿಕೊಳ್ಳಲಿಲ್ಲ. ಬರಿಯ ಬಡತನದಿಂದ ಶಾಂತಿಯು ಬರುವುದಿಲ್ಲ. ಬಡವನ ಮನಸ್ಸಿನಲ್ಲಿಯೂ ಲೋಭವು ಉರಿಯಬಹುದು. ಬರಿಯ ದಾನದಿಂದಲೂ ಬರುವುದಿಲ್ಲ. ಹೆಸರಿನ ಆಶೆಯಿಂದ ಕೊಟ್ಟವನು ಒಂದು ಲೋಭವನ್ನು ಕೊಟ್ಟು ಇನ್ನೊಂದನ್ನು ಕೊಂಡಂತಾಗುತ್ತದೆ. ತನಗಿಂತ ಹಿರಿದಾದ ಒಂದು ಕಾರ್ಯಕ್ಕೆ ತನ್ನ ಗಳಿಕೆಯನ್ನು ಒಪ್ಪಿಸಿದವನಿಗೆ, ಗಳಿಕೆಯು ತನ್ನದೆಂಬ ಭಾವವೇ ಸಡಿಲವಾಗುತ್ತದೆ. ಮಮಕಾರವು ಸಡಿಲವಾದೆಡೆಯಲ್ಲಿ ಭಯವು ಇರಲಾರದು, ಭಯವಿಲ್ಲದುದೇ ಶಾಂತಿ. ಜಂಗಮಕ್ಕೆ ಧನವೆಂದರೆ ಇದೇ. ಹಳಕಟ್ಟಿಯವರಿಗೆ ಆ ಜಂಗಮವು ಓದುವ ಕನ್ನಡ ಸಮಾಜವೇ ಆಗಿದ್ದಿತು.

ಕರ್ನಾಟಕವು ಏಕೀಕರಣವಾದ 1956ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಜನರು ಅದಕ್ಕೂ ಮಿಗಿಲಾಗಿ ವಚನ ಪಿತಾಮಹರೆಂಬ ಪ್ರೀತಿಯ ಬಿರುದಿನಿಂದ ಅವರನ್ನು ಕರೆದರು. 1964ನೆಯ ಇಸವಿ ಜೂನ್ ತಿಂಗಳಿನ ಕೊನೆಯಲ್ಲಿ, 84 ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಅವರು ಲಿಂಗೈಕ್ಯರಾದರು.

ಅವರು ಬಿಟ್ಟುಹೋದುದನ್ನು ಲೆಕ್ಕ ಹಾಕಿದರೆ, ಸಾಹುಕಾರನ ದೃಷ್ಟಿಯಲ್ಲಿ ಶೂನ್ಯ. ಆದರೆ ಅವರು ಹಾಕಿದ ಬುನಾದಿಯ ಮೇಲೆಯೇ ಮುಂದಿನ ವಿದ್ವಾಂಸರು ದುಡಿದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ವಿಜಾಪುರವು ಈಗ ವಿಜಯಪುರವೆಂದು ಕರೆಯಿಸಿಕೊಳ್ಳುತ್ತಿದೆ; ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ಅವರ ಸಮಗ್ರ ಸಾಹಿತ್ಯವನ್ನು ಮತ್ತೆ ಅಚ್ಚಿಗೆ ತಂದಿದೆ. ಅವರು ಮಾರಿದ ಮನೆಯಲ್ಲಿ ಒಂದು ಸಂಸಾರವು ವಾಸಿಸಬಹುದಾಗಿದ್ದಿತು. ಅದರ ಬೆಲೆಯಿಂದ ಆದ ಗ್ರಂಥಗಳಲ್ಲಿ ಇಡೀ ನಾಡೇ ವಾಸಿಸುತ್ತಿದೆ. ಯಾವ ಬಡ್ಡಿಯ ಲೆಕ್ಕಕ್ಕೂ ಸಿಕ್ಕದ ಬೆಳವಣಿಗೆ ಇದು.

ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣೆಯ ದಿನವೆಂದು ಆಚರಿಸುವುದುಂಟು. ಅಂದು ಭಾವಚಿತ್ರಕ್ಕೆ ಮಾಲೆಯನ್ನು ಹಾಕುವುದು ಸುಲಭ. ಸದ್ಭಕ್ತರಾದ ಗೃಹಸ್ಥರು ಅದರೊಡನೆ ಇನ್ನೊಂದು ಕೆಲಸವನ್ನು ಮಾಡಿದರೆ ಆ ಹಿರಿಯರಿಗೆ ನಿಜವಾದ ಪೂಜೆಯಾದೀತು. ಇಷ್ಟಲಿಂಗಪೂಜೆಯ ತರುವಾಯ, ಸತಿಪತಿಗಳು ಕೂಡಿ ಕುಳಿತು, ನಮ್ಮ ಮನೆಗೆ ಎಷ್ಟು ಸಾಕು ಎಂಬುದನ್ನು ಶಾಂತಚಿತ್ತದಿಂದ ವಿಚಾರಿಸಲಿ. ಆ ಅಳತೆಯನ್ನು ಮಕ್ಕಳಿಗೂ ತಿಳಿಸಲಿ. ಅದಕ್ಕೆ ಮಿಕ್ಕುದು ಯಾವ ಕಾಯಕಕ್ಕೆ ಸಲ್ಲಬೇಕೆಂಬುದನ್ನು ನಿಶ್ಚಯಿಸಲಿ. ಅದು ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕವಾಗಬಹುದು, ಊರ ಕೆರೆಯ ಹೂಳಾಗಬಹುದು, ಗೆದ್ದಲು ಹಿಡಿಯುತ್ತಿರುವ ಒಂದು ಓಲೆಯ ಕಟ್ಟಾಗಬಹುದು. ಚಿಕ್ಕದಾದರೂ ಚಿಂತೆಯಿಲ್ಲ, ಮಾರಯ್ಯನು ಆಯ್ದುದು ಅಕ್ಕಿಯ ಕಾಳುಗಳನ್ನೇ. ಸಾಕೆಂದವನ ಮನೆಯಲ್ಲಿ ಶಿವನು ನಿಲ್ಲುವನು.